ಹಳೆಯ ರೇಡಿಯೋ ಬಗ್ಗಿಗೆ ಮರುಜೀವ

ದುಡಿದ ಯಂತ್ರ ಸವೆಯುತ್ತದೆಂಬುದು ಎಲ್ಲರೂ ಬಲ್ಲ ಮಾತು. ದುಡಿಯದೆ ಸುಮ್ಮನೆ ಕುಳಿತ ಯಂತ್ರವೂ ಕೆಡುವುದೆಂಬುದು ಅಷ್ಟು ಬೇಗ ಮನಸ್ಸಿಗೆ ಹೊಳೆಯುವುದಿಲ್ಲ. ನಲವತ್ತು ವರ್ಷ ಅಟ್ಟದ ಮೇಲಿದ್ದ ರೇಡಿಯೋ ಕಾರೊಂದನ್ನು ಇಳಿಸಿ, ಧೂಳು ಝಾಡಿಸಿ, ಹೊಸ ಬ್ಯಾಟರಿ ಹಾಕಿದರೆ ಅದು ಸಾಮಾನ್ಯವಾಗಿ ಓಡುವುದಿಲ್ಲ; ಕೆಲವೊಮ್ಮೆ ಹೊಗೆಯನ್ನೂ ಕಾರುವುದು. ಆಗ ಹೊಸಬರು ಹಿಡಿಯುವ ದಾರಿಗಳು ಎರಡು. ಇದರ ಕಾಲ ಮುಗಿಯಿತೆಂದು ಗುಜರಿಗೆ ಹಾಕುವುದು ಒಂದು. ಒಳಗಿನದನ್ನೆಲ್ಲ ಕಿತ್ತು ಹೊಸ ಭಾಗಗಳನ್ನು ತುಂಬುವುದು ಇನ್ನೊಂದು. ಎರಡರಲ್ಲಿಯೂ ಹಳೆಯ ಯಂತ್ರ ಉಳಿಯುವುದಿಲ್ಲ. ಯಾವ ಭಾಗ ಯಾವ ಕಾರಣದಿಂದ ಕೆಟ್ಟಿತೆಂಬುದನ್ನು ಮೊದಲು ತಿಳಿದು, ಕೆಟ್ಟಷ್ಟನ್ನು ಮಾತ್ರ ಸರಿಪಡಿಸುವುದು ಮೂರನೆಯ ದಾರಿ. ಅದಕ್ಕೆ ಬೇಕಾದ ವಿದ್ಯೆಯೆಲ್ಲ ಹೆಚ್ಚುಕಡಿಮೆ ನಮ್ಮ ಪ್ರೌಢಶಾಲೆಯ ಭೌತ, ರಸಾಯನ ಪಾಠಗಳಲ್ಲಿಯೇ ಇದೆ.

ಬಗ್ಗಿಯ ಪೂರ್ವವೃತ್ತಾಂತ

ನಮ್ಮಲ್ಲಿ ಬಗ್ಗಿ ಎಂದರೆ ಕುದುರೆ ಗಾಡಿ. ಇಲ್ಲಿ ಹೇಳುತ್ತಿರುವ ಬಗ್ಗಿಯಾದರೋ ಮರಳುದಿಬ್ಬ, ಕಲ್ಲುಮಣ್ಣಿನ ನೆಲಗಳ ಮೇಲೆ ಓಡುವ ಹಗುರವಾದ ಮೋಟಾರು ಗಾಡಿಯ ಪ್ರತಿಕೃತಿ. ಸಾಮಾನ್ಯವಾಗಿ ಮೂಲದ ಹತ್ತರಲ್ಲೊಂದು ಅಳತೆಯದು.

ತಂತಿಯಿಲ್ಲದೆ ದೂರದಿಂದ ವಸ್ತುವನ್ನು ಆಡಿಸುವ ಕಲ್ಪನೆ ಈ ಆಟಿಕೆಗಿಂತ ಬಹಳ ಹಳೆಯದು. 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯ ಟೌನ್‌ಹಾಲಿನಲ್ಲಿ ವಿದ್ಯುತ್ಕಾಂತ ತರಂಗಗಳನ್ನು ಗೋಡೆಗಳ ಮೂಲಕ ಹಾಯಿಸಿ ಗಂಟೆ ಬಾರಿಸಿ ಮದ್ದನ್ನು ಸಿಡಿಸಿ ತೋರಿಸಿದರು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಸಣ್ಣ ದೋಣಿಯೊಂದನ್ನು ರೇಡಿಯೋ ಅಲೆಗಳಿಂದ ನಡೆಸಿದನು. ಟ್ರಾನ್ಸಿಸ್ಟರು ಬಂದು ರೇಡಿಯೋ ಅಂಗೈಯಗಲಕ್ಕೆ ಕುಗ್ಗಿದ ಮೇಲೆ ಈ ವಿದ್ಯೆ ಮಕ್ಕಳ ಕೈಗೂ ಬಂದಿತು. ಜಪಾನಿನ ಶಿಜುಓಕಾದ ಟಾಮಿಯ ಸಂಸ್ಥೆ 1976ರಲ್ಲಿ ತನ್ನ ಮೊದಲ ರೇಡಿಯೋ ಕಾರನ್ನೂ, 1979ರಲ್ಲಿ ‘ಸ್ಯಾಂಡ್ ಸ್ಕಾರ್ಚರ್’ ಎಂಬ ಬಗ್ಗಿಯನ್ನೂ, 1984ರಲ್ಲಿ ‘ಗ್ರಾಸ್‌ಹಾಪರ್’ ಮತ್ತು ‘ಹಾರ್ನೆಟ್’ಗಳನ್ನೂ ಹೊರತಂದಿತು. ಅದೇ 1984ರಲ್ಲಿ ಅಮೆರಿಕದಲ್ಲಿ ‘ಆರ್‌ಸಿ10’ ಎಂಬ ಪಂದ್ಯದ ಬಗ್ಗಿ ಬಂದಿತು.

2023ರ ಆಗಸ್ಟಿನಲ್ಲಿ ಚಂದ್ರನ ನೆಲದ ಮೇಲೆ ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ತೆವಳಿದ 26 ಕಿಲೋಗ್ರಾಂ ತೂಕದ ‘ಪ್ರಜ್ಞಾನ್’ ಗಾಡಿಯೂ ಈ ವಂಶದ್ದೇ. ಬೆಂಗಳೂರಿನಿಂದ ಹೊರಟ ಆಜ್ಞೆಯು ‘ವಿಕ್ರಮ್’ ನೌಕೆಯ ಮೂಲಕ ಅದನ್ನು ಮುಟ್ಟುತ್ತಿತ್ತು. ಆಜ್ಞೆ ಅಲೆಯಾಗಿ ಹೋಗಿ ಚಲನೆಯಾಗಿ ಮಾರ್ಪಡುವ ತತ್ತ್ವ ಎರಡರಲ್ಲಿಯೂ ಒಂದೇ.

ಹಳೆಯ ಬಗ್ಗಿಗಳ ಒಂದು ದೊಡ್ಡ ಗುಣವನ್ನು ಇಲ್ಲಿಯೇ ಹೇಳಬೇಕು. ಇವುಗಳಲ್ಲಿ ಹೆಚ್ಚಿನವು ಬಿಡಿಭಾಗಗಳ ಪೆಟ್ಟಿಗೆಯಾಗಿ ಮಾರಾಟವಾಗುತ್ತಿದ್ದವು. ಕೊಂಡವನೇ ಸ್ಕ್ರೂಡ್ರೈವರು ಹಿಡಿದು ಜೋಡಿಸಬೇಕಾಗಿತ್ತು. ಜೋಡಿಸಲು ಬಂದುದನ್ನು ಬಿಚ್ಚಲೂ ಬರುವುದು. ಇಂದಿನ ಅನೇಕ ಉಪಕರಣಗಳನ್ನು ಅಂಟು ಹಾಕಿ ಮುಚ್ಚಿರುವಾಗ ಈ ಗುಣ ಸಣ್ಣದಲ್ಲ.

ಆಜ್ಞೆಯು ಚಲನೆಯಾಗುವ ಬಗೆ

ಹಳೆಯ ಬಗ್ಗಿಗಳಲ್ಲಿ ಬಹುಪಾಲು 27 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನು ಬಳಸುತ್ತವೆ. ಬೆಳಕಿನ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಸುಮಾರು 11 ಮೀಟರ್ ಎಂದು ತಿಳಿಯುವುದು. ಅಲೆಯ ಆವರ್ತವನ್ನು ಸ್ಥಿರವಾಗಿ ನಿಲ್ಲಿಸುವುದು ಒಂದು ಸಣ್ಣ ಸ್ಫಟಿಕದ ತುಣುಕು. ಪ್ರೇಷಕದಲ್ಲಿ ಒಂದು, ಗಾಡಿಯೊಳಗಿನ ಗ್ರಾಹಕದಲ್ಲಿ ಒಂದು ಸ್ಫಟಿಕವಿರುವುದು. ಇವೆರಡೂ ಒಂದೇ ಆವರ್ತದವಲ್ಲ. ಪ್ರೇಷಕದ್ದು 27.145 ಮೆಗಾಹರ್ಟ್ಸ್ ಆದರೆ ಗ್ರಾಹಕದ್ದು ಸಾಮಾನ್ಯವಾಗಿ 26.690, ಅಂದರೆ 455 ಕಿಲೋಹರ್ಟ್ಸ್ ಕಡಮೆ. ಈ ವ್ಯತ್ಯಾಸವನ್ನೇ ಗ್ರಾಹಕವು ಸೋಸಿ ಹಿಗ್ಗಿಸುವುದು. ಹೊಸಬರು ಎರಡು ಸ್ಫಟಿಕಗಳನ್ನೂ ತೆಗೆದು ಒರೆಸಿ ಅದಲುಬದಲು ಸೇರಿಸಿದರೆ, ಬೇರೇನೂ ಕೆಡದಿದ್ದರೂ ಗಾಡಿ ಸರಿಯಾಗಿ ಓಡದಿರಬಹುದು. ಸ್ಫಟಿಕವು ಬಲು ತೆಳು. ನೆಲಕ್ಕೆ ಬಿದ್ದರೆ ಹೊರಗಿನ ಡಬ್ಬಿ ನೆಟ್ಟಗಿದ್ದೂ ಒಳಗೆ ಸೀಳಿರಬಹುದು.

ಗ್ರಾಹಕದಿಂದ ಹೊರಬರುವ ಆಜ್ಞೆಯು ಸೆಕೆಂಡಿಗೆ ಸುಮಾರು 50 ಸಲ ಬರುವ ಸಣ್ಣ ವಿದ್ಯುತ್ ಮಿಡಿತಗಳ ರೂಪದಲ್ಲಿದೆ. ಮಿಡಿತ ಒಂದೂವರೆ ಮಿಲಿಸೆಕೆಂಡು ಬಾಳಿದರೆ ಚಕ್ರಗಳು ನೇರ. ಒಂದರತ್ತ ಕುಗ್ಗಿದರೆ ಒಂದು ಪಕ್ಕಕ್ಕೆ, ಎರಡರತ್ತ ಹಿಗ್ಗಿದರೆ ಇನ್ನೊಂದು ಪಕ್ಕಕ್ಕೆ ತಿರುಗುವುವು. ಮಿಡಿತವನ್ನು ಅಳೆದು ಅದಕ್ಕೆ ತಕ್ಕಂತೆ ಒಂದು ತೋಳನ್ನು ತಿರುಗಿಸುವ ಪೆಟ್ಟಿಗೆಗೆ ಸರ್ವೋ ಎಂದು ಹೆಸರು. ಒಂದು ಸರ್ವೋ ಮುಂಗಾಲಿಗಳನ್ನು ತಿರುಗಿಸುವುದು. ಇನ್ನೊಂದು ವೇಗನಿಯಂತ್ರಕದ ತಾಮ್ರದ ಬಿಲ್ಲೆಗಳ ಮೇಲೆ ಒಂದು ಲೋಹದ ನಾಲಿಗೆಯನ್ನು ಸರಿಸುವುದು. ನಾಲಿಗೆ ಯಾವ ಬಿಲ್ಲೆಯ ಮೇಲೆ ನಿಂತಿತೋ ಅಷ್ಟು ರೋಧ ಮೋಟಾರಿನ ದಾರಿಯಲ್ಲಿ ಸೇರಿ ವೇಗ ಬದಲಾಗುವುದು.

ಬಿಳಿಯ ಪುಡಿಯ ಪರೀಕ್ಷೆ

ಮೊದಲ ನಿಯಮ, ಬ್ಯಾಟರಿ ಜೋಡಿಸುವ ಆತುರ ಕೂಡದು. ಮುಚ್ಚಳ ತೆರೆದು ನೋಡಿರಿ. ಲೋಹದ ಪಟ್ಟಿಗಳ ಮೇಲೆ ಬಿಳಿಯ ಇಲ್ಲವೆ ಹಸುರು ಪುಡಿ ಕಂಡರೆ ಕೋಶದ ರಸ ಸೋರಿದೆ ಎಂದೇ ತಿಳಿಯಬೇಕು. ಬಗ್ಗಿಯ ಮೂಲ ಬ್ಯಾಟರಿ ನಿಕಲ್-ಕ್ಯಾಡ್ಮಿಯಂ ಜಾತಿಯದು, 1.2 ವೋಲ್ಟಿನ ಆರು ಕೋಶಗಳು ಸೇರಿ 7.2 ವೋಲ್ಟು. ಅದರ ರಸ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಪ್ರಬಲ ಕ್ಷಾರ. ಹೊರಗೆ ಜಿನುಗಿದಾಗ ಗಾಳಿಯ ಇಂಗಾಲಾಮ್ಲವನ್ನು ಹೀರಿ ಅದು ಬಿಳಿಯ ಕಾರ್ಬೊನೇಟ್ ಆಗುವುದು. ಪ್ರೇಷಕದಲ್ಲಿ ಹಾಕುವ ಪೆನ್ಸಿಲ್ ಸೆಲ್ಲುಗಳಲ್ಲಿಯಾದರೋ ಆಲ್ಕಲೈನ್ ಜಾತಿಯದಾದರೆ ಕ್ಷಾರ, ಸಾಮಾನ್ಯ ಸತು-ಇಂಗಾಲದ್ದಾದರೆ ಆಮ್ಲೀಯ ಲವಣ.

ಇವೆರಡಕ್ಕೂ ಮದ್ದು ಒಂದೇ ಅಲ್ಲ. ಕಾಲೇಜಿನ ಪ್ರಯೋಗಶಾಲೆಯ ಲಿಟ್ಮಸ್ ಕಾಗದವನ್ನು ತೇವಮಾಡಿ ಪುಡಿಗೆ ಮುಟ್ಟಿಸಿರಿ. ಕೆಂಪು ಕಾಗದ ನೀಲಿಯಾದರೆ ಕ್ಷಾರ. ನೀರು ಬೆರೆಸಿದ ನಿಂಬೆರಸ ಅಥವಾ ವಿನಿಗರಿನಿಂದ ತೊಡೆಯಬೇಕು. ನೀಲಿ ಕಾಗದ ಕೆಂಪಾದರೆ ಆಮ್ಲ. ಅಡಿಗೆ ಸೋಡಾ ಕದಡಿದ ನೀರು ಸಾಕು. ಬಳಿಕ ಶುದ್ಧ ನೀರಿನ ಒದ್ದೆ ಬಟ್ಟೆಯಿಂದ ಒರೆಸಿ, ಐಸೊಪ್ರೊಪೈಲ್ ಮದ್ಯಸಾರ ಸವರಿ ಪೂರ್ತಿ ಒಣಗಿಸಬೇಕು. ಕ್ಯಾಡ್ಮಿಯಂ ವಿಷಲೋಹ. ಆದುದರಿಂದ ಕೈಗವಸು ಧರಿಸಿಯೇ ಈ ಕೆಲಸ ಮಾಡತಕ್ಕದ್ದು. ಹಳೆಯ ಬ್ಯಾಟರಿಯನ್ನು ಒಡೆಯಬಾರದು, ಸುಡಬಾರದು, ತಿಪ್ಪೆಗೆ ಎಸೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಅದು ಮರುಬಳಕೆಯ ಕೇಂದ್ರಕ್ಕೆ ಸೇರಬೇಕಾದ ವಸ್ತು.

ಸಣ್ಣ ರೋಧ, ದೊಡ್ಡ ಕಾವು

ಹೊಗೆ ಏಕೆ ಬರುತ್ತದೆಂಬುದನ್ನು ಓಮನ ನಿಯಮವೇ ಹೇಳುವುದು. ಬಗ್ಗಿ ನಿಧಾನವಾಗಿ ಹೋಗುವಾಗ 10 ಆಂಪೇರ್ ಪ್ರವಾಹ 0.3 ಓಮ್ ರೋಧದ ಮೂಲಕ ಹರಿಯುತ್ತಿದೆ ಎಂದಿಟ್ಟುಕೊಳ್ಳೋಣ. ಅಲ್ಲಿ 3 ವೋಲ್ಟು ಇಳಿಯುವುದು. ಪ್ರವಾಹ ಮತ್ತು ವೋಲ್ಟುಗಳ ಗುಣಲಬ್ಧ 30 ವ್ಯಾಟು. ಅದೆಲ್ಲ ಬರಿಯ ಕಾವು. ಮೋಟಾರಿಗೆ ಉಳಿಯುವುದು 42 ವ್ಯಾಟು ಮಾತ್ರ. ಈ ಕಾವನ್ನು ತಡೆಯಲೆಂದೇ ರೋಧವನ್ನು ಪಿಂಗಾಣಿಯಲ್ಲಿ ಕೂರಿಸಿ ಗಾಳಿಯಾಡುವೆಡೆ ಇಟ್ಟಿರುತ್ತಾರೆ.

ಈಗ ತಾಮ್ರದ ಬಿಲ್ಲೆ ಕಪ್ಪುಗಟ್ಟಿ, ನಾಲಿಗೆ ತಾಗುವ ಜಾಗದಲ್ಲಿ ಇನ್ನೂ 0.2 ಓಮ್ ರೋಧ ಹುಟ್ಟಿತೆನ್ನಿ. ಅದೇ 10 ಆಂಪೇರಿಗೆ ಅಲ್ಲಿ 20 ವ್ಯಾಟು ಕಾವು. ರೇಡಿಯೋ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅದರ ಮೊನೆಯಲ್ಲಿ ಸೀಸ ಕರಗುವುದನ್ನು ನಾವೆಲ್ಲ ನೋಡಿದ್ದೇವೆ. ಸಾಸಿವೆಯಷ್ಟು ಜಾಗದಲ್ಲಿ ಅಷ್ಟು ಕಾವು ಕೂಡಿದರೆ ಸುತ್ತಲಿನ ಪ್ಲಾಸ್ಟಿಕ್ಕಿನ ಗತಿಯೇನು? ಇಂಥ ಸಣ್ಣ ರೋಧವನ್ನು ಸಾಧಾರಣ ಮಲ್ಟಿಮೀಟರಿನ ಓಮ್ ಅಳತೆ ಸರಿಯಾಗಿ ತೋರಿಸದು. ಪ್ರವಾಹ ಹರಿಯುವಾಗ ಸಂಪರ್ಕದ ಎರಡು ಕಡೆಗಳ ನಡುವಣ ವೋಲ್ಟನ್ನು ಅಳೆಯುವುದೇ ಸರಿಯಾದ ಉಪಾಯ. ಒಳ್ಳೆಯ ಸಂಪರ್ಕದಲ್ಲಿ ಅದು ಶೂನ್ಯಕ್ಕೆ ಸಮೀಪವಾಗಿರಬೇಕು. ಬಿಲ್ಲೆಗಳನ್ನು ಉಜ್ಜಲು ಒರಟು ಕಾಗದ ಸಲ್ಲದು. ಗೀರುಗಳಲ್ಲಿ ಮತ್ತೆ ಕಿಡಿ ಹಾರುವುದು. ಬಹಳ ನಯವಾದ ಕಾಗದದಿಂದ ಹಗುರವಾಗಿ ಹೊಳಪು ಬರಿಸಿದರೆ ಸಾಕು.

ಮೋಟಾರನ್ನು ಗಾಡಿಯಿಂದ ಹೊರತೆಗೆದು, ಕೈಯಿಂದ ತಿರುಗಿಸಿ ನೋಡಿ, ಒಂದೂವರೆ ವೋಲ್ಟಿನ ಒಂದೆರಡು ಕೋಶಗಳಿಂದ ಓಡಿಸಬೇಕು. ಅದರೊಳಗಣ ಫೆರೈಟ್ ಅಯಸ್ಕಾಂತ ಸುಲಭವಾಗಿ ಸೊರಗುವುದಿಲ್ಲ. ಸವೆಯುವುದು ಬ್ರಷ್ಷು, ಕಮ್ಯುಟೇಟರುಗಳೇ. ಮೋಟಾರಿನ ಮೈಗೆ ಬೆಸೆದಿರುವ ಸಣ್ಣ ಧಾರಕಗಳನ್ನು ವ್ಯರ್ಥವೆಂದು ಕಿತ್ತೊಗೆಯಬಾರದು. ಬ್ರಷ್ಷಿನ ಕಿಡಿಯೂ ರೇಡಿಯೋ ಅಲೆಯನ್ನು ಹೊಮ್ಮಿಸುವುದು. ಆದಿಕಾಲದ ರೇಡಿಯೋ ಪ್ರೇಷಕಗಳು ಕಿಡಿಯಿಂದಲೇ ನಡೆಯುತ್ತಿದ್ದವು. ಧಾರಕವಿಲ್ಲದಿದ್ದರೆ ಗಾಡಿಯ ಮೋಟಾರೇ ಗಾಡಿಯ ಗ್ರಾಹಕವನ್ನು ಕಿವುಡುಮಾಡುವುದು.

ಎರೆಮಣ್ಣು ಮತ್ತು ಬಿಸಿಲು

ಅಂದೋಲಾ, ಜೇವರ್ಗಿ, ಆಳಂದ, ಅಫಜಲಪುರದ ಸೀಮೆಯಲ್ಲಿ ಇಂಥ ಗಾಡಿಗೆ ಎರಡು ವಿಶೇಷ ಶತ್ರುಗಳಿವೆ. ಮೊದಲನೆಯದು ಎರೆಮಣ್ಣು. ಇದರಲ್ಲಿರುವ ಮಾಂಟ್‌ಮೊರಿಲ್ಲನೈಟ್ ಎಂಬ ಜೇಡಿಯು ಪದರಪದರಗಳ ನಡುವೆ ನೀರನ್ನು ಹೀರಿ ಉಬ್ಬುವುದು, ಒಣಗಿದಾಗ ಕುಗ್ಗಿ ಬಿರಿಯುವುದು. ಹೊಲದಲ್ಲಿ ಬಿರುಕು ಬಿಡುವ ಮಣ್ಣೇ ಹಲ್ಲುಚಕ್ರಗಳ ಸಂದಿನಲ್ಲಿ ಕಲ್ಲಿನಂತೆ ಕೂರುವುದು. ಅದನ್ನು ಚಾಕುವಿನಿಂದ ಕೆರೆದರೆ ಮೃದುವಾದ ಹಲ್ಲುಗಳಿಗೆ ಗಾಯ. ವಿದ್ಯುತ್ ಭಾಗಗಳನ್ನು ಬೇರ್ಪಡಿಸಿ, ಉಳಿದವನ್ನು ಸಾಬೂನು ನೀರಿನಲ್ಲಿ ನೆನೆಸಿದರೆ ಮಣ್ಣು ತಾನೇ ಉಬ್ಬಿ ಸಡಿಲವಾಗುವುದು. ಹಳೆಯ ಗ್ರೀಸು ಎಣ್ಣೆ ಆರಿ ಮೇಣವಾಗಿದ್ದರೆ ಅದನ್ನೂ ತೆಗೆದು ಹೊಸದನ್ನು ತೆಳುವಾಗಿ ಹಚ್ಚಬೇಕು. ಓಡಿಸುವುದಾದರೆ ಮಳೆ ಬಿದ್ದ ಹೊಲ ಬೇಡ. ಸುಗ್ಗಿ ಮುಗಿದ ಗಟ್ಟಿ ಕಣ ಮೇಲು.

ಎರಡನೆಯ ಶತ್ರು ಬಿಸಿಲು. ಬೇಸಗೆಯಲ್ಲಿ ಇಲ್ಲಿ ಕಾವು 40 ಡಿಗ್ರಿ ಸೆಲ್ಸಿಯಸ್ ದಾಟುವುದು; ಪತ್ರಾಸಿನ ಮಾಡಿನ ಕೆಳಗೆ ಇನ್ನೂ ಹೆಚ್ಚು. ಕಾವು ಹತ್ತು ಡಿಗ್ರಿ ಏರಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುವುದೆಂಬ ಸ್ಥೂಲ ನಿಯಮವೊಂದಿದೆ. ರಬ್ಬರು ಗಾಳಿಯ ಆಮ್ಲಜನಕ, ಓಜೋನುಗಳಿಂದ ಸೀಳುವುದು. ಅದರ ಮೆದುಕಾರಿ ದ್ರವ ಹೊರಬಂದು ಪಕ್ಕದ ಪ್ಲಾಸ್ಟಿಕ್ ಗಾಲಿಯನ್ನು ಕರಗಿಸುವುದೂ ಉಂಟು. ಸೀಳಿದ ಟೈರಿಗೆ ಮದ್ದಿಲ್ಲ, ಬದಲಿಸಬೇಕು. ಅಮೂಲ್ಯವಾದ ಮೂಲ ಟೈರುಗಳಿದ್ದರೆ ಗಾಲಿಯಿಂದ ತೆಗೆದು ತಂಪು ಕತ್ತಲೆಯಲ್ಲಿಡುವುದು ಲೇಸು.

ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಲ್ಲ. ನೈಲಾನ್ ತನ್ನ ಗಟ್ಟಿತನಕ್ಕೆ ಸ್ವಲ್ಪ ನೀರನ್ನು ಹೀರಿಕೊಂಡಿರಬೇಕು. ಒಣಹವೆಯಲ್ಲಿ ಅದು ಪೆಡಸಾಗುವುದು. ಬಿಸಿನೀರಿನಲ್ಲಿ ಕೆಲವು ಗಂಟೆ ಇಟ್ಟರೆ ನೈಲಾನಿನ ತೋಳುಗಳು ಮತ್ತೆ ಬಾಗುವ ಗುಣ ಪಡೆಯುವುವು. ಆದರೆ ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ ಕುದಿಯುವ ನೀರಿನಲ್ಲಿ ಸೊಟ್ಟಗಾಗುವುದು. ಪಾಲಿಕಾರ್ಬೊನೇಟಿನ ಪಾರದರ್ಶಕ ಮೈಗೆ ಅಸಿಟೋನ್, ಪೆಟ್ರೋಲುಗಳು ತಾಗಿದರೆ ಬಿರುಕು. ಯಾವ ವಸ್ತುವೆಂದು ಗೊತ್ತಾಗುವವರೆಗೆ ಸಾಬೂನು ನೀರೇ ಕ್ಷೇಮ. ಸ್ಕ್ರೂಗಳ ವಿಷಯದಲ್ಲಿಯೂ ಒಂದು ಮಾತು. ಪ್ಲಾಸ್ಟಿಕ್ಕಿಗೆ ಸ್ಕ್ರೂ ಕೂರಿಸುವಾಗ ಮೊದಲು ಹಿಂದಕ್ಕೆ ತಿರುಗಿಸಿ, ಹಳೆಯ ಗೆರೆಯೊಳಗೆ ‘ಟಕ್’ ಎಂದು ಇಳಿದ ಮೇಲೆ ಮುಂದಕ್ಕೆ ಬಿಗಿಯಬೇಕು. ಇಲ್ಲವಾದರೆ ಪ್ರತಿ ಸಲವೂ ಹೊಸ ಗೆರೆ ಕೊರೆದು ರಂಧ್ರವೇ ಸಡಿಲವಾಗುವುದು.

ಹೊಸ ಬ್ಯಾಟರಿಯ ಅಪಾಯ

ಅತ್ಯಂತ ಎಚ್ಚರ ಬೇಕಾದುದು ಇಲ್ಲಿ. ಇಂದು ಸುಲಭವಾಗಿ ದೊರೆಯುವ ಲಿಥಿಯಂ-ಪಾಲಿಮರ್ ಬ್ಯಾಟರಿಯ ಎರಡು ಕೋಶಗಳು ಸೇರಿ 7.4 ವೋಲ್ಟು, ಹಳೆಯ 7.2ಕ್ಕೆ ಹೊಂದಿದಂತೆಯೇ ತೋರುವುದು. ಆದರೆ ತುಂಬಿದಾಗ ಅದು 8.4 ವೋಲ್ಟು. ಮೇಲಾಗಿ ಪ್ರತಿ ಕೋಶವೂ 3 ವೋಲ್ಟಿಗಿಂತ ಕೆಳಗಿಳಿದರೆ ಒಳಗೇ ಹಾಳಾಗಿ, ಮುಂದೆ ತುಂಬಿಸುವಾಗ ಉರಿದೇಳಬಹುದು. ಈ ಮಿತಿಯಲ್ಲಿ ಪ್ರವಾಹವನ್ನು ಕಡಿಯುವ ಏರ್ಪಾಡು ಹಳೆಯ ಯಾಂತ್ರಿಕ ವೇಗನಿಯಂತ್ರಕದಲ್ಲಿ ಇಲ್ಲ. ಆದುದರಿಂದ ಮೂಲ ನಿಯಂತ್ರಕವನ್ನು ಉಳಿಸಿಕೊಂಡವರು 7.2 ವೋಲ್ಟಿನ ನಿಕಲ್-ಲೋಹ ಹೈಡ್ರೈಡ್ ಬ್ಯಾಟರಿಯನ್ನೇ ಬಳಸತಕ್ಕದ್ದು, ಅದಕ್ಕೆಂದೇ ಮಾಡಿದ ಚಾರ್ಜರಿನಿಂದಲೇ ತುಂಬಿಸತಕ್ಕದ್ದು.

ಪ್ರೇಷಕದ ಮೇಲೆ ಬರೆದ ಆವರ್ತವನ್ನೂ ಓದಿರಿ. ಭಾರತದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಕಡಮೆ ಶಕ್ತಿಯ ಉಪಕರಣಗಳಿಗೆ 2005ರಲ್ಲಿ ಪರವಾನಗಿಯಿಂದ ವಿನಾಯಿತಿ ದೊರೆಯಿತು. ಹೊರದೇಶಗಳಿಂದ ಬಂದ ಗಾಡಿಗಳಲ್ಲಿ ಬೇರೆ ಪಟ್ಟಿಗಳೂ ಇರುತ್ತವೆ. ಅವಕ್ಕೆ ಇಲ್ಲಿ ಅನುಮತಿಯುಂಟೇ ಎಂಬುದನ್ನು ವಿಚಾರಿಸದೆ ಚಾಲೂ ಮಾಡಬಾರದು.

ಮೊದಲ ಓಟ

ಎಲ್ಲ ಸಿದ್ಧವಾದ ಮೇಲೆ ಗಾಡಿಯನ್ನು ಒಂದು ಡಬ್ಬಿಯ ಮೇಲಿಟ್ಟು ಚಕ್ರಗಳು ನೆಲ ಮುಟ್ಟದಂತೆ ಮಾಡಿರಿ. ಮೊದಲು ಪ್ರೇಷಕ, ಬಳಿಕ ಗಾಡಿ. ನಿಲ್ಲಿಸುವಾಗ ಮೊದಲು ಗಾಡಿ, ಬಳಿಕ ಪ್ರೇಷಕ. ಈ ಕ್ರಮ ತಪ್ಪಿದರೆ ಒಡೆಯನಿಲ್ಲದ ಗ್ರಾಹಕವು ಸುತ್ತಲಿನ ಗದ್ದಲವನ್ನೇ ಆಜ್ಞೆಯೆಂದು ಬಗೆದು ಗಾಡಿಯನ್ನು ಓಡಿಸಿಬಿಡಬಹುದು. ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಬ್ಯಾಟರಿ ಕಳಚಿ, ತಂತಿ ಮತ್ತು ಸಂಪರ್ಕಗಳ ಬಳಿ ಬೆರಳೊಡ್ಡಿ ನೋಡಿರಿ. ಪಿಂಗಾಣಿ ರೋಧ ಬಿಸಿಯಾಗುವುದು ಸಹಜ, ಅದನ್ನು ಮುಟ್ಟಬೇಡಿರಿ. ಬೇರೆಲ್ಲಿ ಕಾವು ಕಂಡರೂ ಅಲ್ಲಿ ರೋಧವೊಂದು ಅಡಗಿದೆ ಎಂದರ್ಥ.

ಕಳಚಿದ ಪ್ರತಿಯೊಂದು ಭಾಗದ ಚಿತ್ರವನ್ನೂ, ಕೆಟ್ಟಿದ್ದ ಕಾರಣವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಬದಲಿಸಿದ ಹಳೆಯ ತುಣುಕುಗಳನ್ನು, ಬ್ಯಾಟರಿಯ ಹೊರತು, ಚೀಟಿ ಕಟ್ಟಿ ಕಾಪಾಡಬೇಕು. ಇಪ್ಪತ್ತು ವರ್ಷಗಳ ಬಳಿಕ ಆ ಗಾಡಿಯನ್ನು ಮತ್ತೆ ಬಿಚ್ಚುವವರಿಗೆ ಯಾವುದು ಮೂಲ, ಯಾವುದು ಸೇರಿಸಿದ್ದು ಎಂಬುದು ಆ ಪುಸ್ತಕದಿಂದಲೇ ತಿಳಿಯಬೇಕು.