ಹಿಂದೆ ಹೊಟ್ಟೆಯಲ್ಲಿ ಹುಣ್ಣಾಗಿತ್ತೇ? ಹೊಸ ಔಷಧಿಗೆ ಮೊದಲು ವೈದ್ಯರಿಗೆ ತಿಳಿಸಿ

ಮೊಣಕಾಲು ನೋವಿನ ಮಾತ್ರೆಗೂ ಹಿಂದೆಂದೋ ವಾಸಿಯಾದ ಹೊಟ್ಟೆ ಹುಣ್ಣಿಗೂ ಏನು ಸಂಬಂಧ? ಸಂಬಂಧವಿದೆ. ಒಮ್ಮೆ ಅಲ್ಸರ್ ಆದವರಿಗೆ ಬೇರೆ ಕಾಯಿಲೆಗೆ ಕೊಡುವ ಔಷಧಿಯೂ ಬದಲಾಗಬೇಕಾಗಬಹುದು.

ಅಲ್ಸರ್ ಏಕೆ ಆಗುತ್ತದೆ?

ಜಠರ ಅಥವಾ ಸಣ್ಣ ಕರುಳಿನ ಮೊದಲ ಭಾಗದ ಒಳಪದರದಲ್ಲಿ ಆಗುವ ಹುಣ್ಣೇ ಅಲ್ಸರ್. ಖಾರದ ಊಟದಿಂದ ಉರಿ ಹೆಚ್ಚಬಹುದು. ಆದರೆ ಹೆಚ್ಚಿನ ಹುಣ್ಣುಗಳಿಗೆ ಮೂಲ ಕಾರಣ ಎರಡು: ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು. ಈ ಬ್ಯಾಕ್ಟೀರಿಯಾವನ್ನೂ ಅಲ್ಸರ್ ಜೊತೆಗಿನ ಅದರ ನಂಟನ್ನೂ ಪತ್ತೆಹಚ್ಚಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಯಾವ ಔಷಧಿಗಳಲ್ಲಿ ಎಚ್ಚರ ಬೇಕು?

• ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವುನಿವಾರಕಗಳು ಜಠರದ ರಕ್ಷಣಾ ಪದರವನ್ನು ದುರ್ಬಲಗೊಳಿಸುತ್ತವೆ. ಇಂಜೆಕ್ಷನ್ ರೂಪದಲ್ಲಿ ಪಡೆದರೂ ಈ ಅಪಾಯ ತಪ್ಪದು. ಸಾಮಾನ್ಯ ನೋವಿಗೆ ವೈದ್ಯರು ಪ್ಯಾರಾಸಿಟಮಾಲ್ ಸೂಚಿಸಬಹುದು.
• ಆಸ್ಪಿರಿನ್ ಮತ್ತು ರಕ್ತ ತೆಳುವಾಗಿಸುವ ಔಷಧಿಗಳಿಂದ ಹುಣ್ಣಿನಲ್ಲಿ ರಕ್ತಸ್ರಾವವಾಗಬಹುದು. ಹಾಗೆಂದು ಹೃದಯಕ್ಕಾಗಿ ಕೊಟ್ಟ ಆಸ್ಪಿರಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಹೃದಯಾಘಾತದ ಅಪಾಯ ಹೆಚ್ಚಬಹುದು. ಅದರ ಜೊತೆ ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ.
• ನೋವುನಿವಾರಕದ ಜೊತೆ ಸ್ಟೀರಾಯ್ಡ್ ಸೇರಿದರೆ ಅಪಾಯ ಇನ್ನೂ ಹೆಚ್ಚು.

ಪರೀಕ್ಷೆ ಮತ್ತು ಚಿಕಿತ್ಸೆ

ಬ್ಯಾಕ್ಟೀರಿಯಾ ಇದೆಯೇ ಎಂದು ಉಸಿರು, ಮಲ ಅಥವಾ ಎಂಡೋಸ್ಕೋಪಿ ಪರೀಕ್ಷೆಯಿಂದ ತಿಳಿಯುತ್ತದೆ. ಆಮ್ಲ ತಗ್ಗಿಸುವ ಮಾತ್ರೆ ಸೇವಿಸುತ್ತಿದ್ದರೆ ಸೋಂಕಿದ್ದರೂ ಇಲ್ಲವೆಂದು ವರದಿ ಬರಬಹುದು. ಆದ್ದರಿಂದ ವೈದ್ಯರು ಸಾಮಾನ್ಯವಾಗಿ 2 ವಾರ ಮೊದಲೇ ಅದನ್ನು ನಿಲ್ಲಿಸಲು ಹೇಳುತ್ತಾರೆ. ಸೋಂಕಿದ್ದರೆ ಹೆಚ್ಚಾಗಿ 14 ದಿನಗಳ ಆಂಟಿಬಯಾಟಿಕ್ ಕೋರ್ಸ್ ಇರುತ್ತದೆ. ಉರಿ ಕಡಿಮೆಯಾಯಿತೆಂದು ಅರ್ಧಕ್ಕೆ ಬಿಡಬೇಡಿ. ಕೋರ್ಸ್ ಮುಗಿದು ಕನಿಷ್ಠ 4 ವಾರಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ.

ತಕ್ಷಣ ಆಸ್ಪತ್ರೆಗೆ ಹೋಗಿ

ಡಾಂಬರಿನಂತೆ ಕಪ್ಪಾದ, ಅಂಟಂಟಾದ ಮಲ, ರಕ್ತ ಅಥವಾ ಕಾಫಿಪುಡಿಯಂಥ ವಾಂತಿ, ಇದ್ದಕ್ಕಿದ್ದಂತೆ ತೀವ್ರ ಹೊಟ್ಟೆನೋವು, ತಲೆಸುತ್ತಿ ಬೀಳುವುದು – ಇವು ತುರ್ತು ಲಕ್ಷಣಗಳು. ವಯಸ್ಸಾದವರಲ್ಲಿ ನೋವೇ ಇಲ್ಲದೆ ರಕ್ತಸ್ರಾವವಾಗುವುದೂ ಉಂಟು.

ಮನೆಯವರು ಏನು ಮಾಡಬಹುದು?

ಅಲ್ಸರ್ ಯಾವಾಗ ಆಗಿತ್ತು, ರಕ್ತಸ್ರಾವವಾಗಿತ್ತೇ, ಈಗ ಯಾವ ಮಾತ್ರೆಗಳಿವೆ ಎಂದು ಒಂದು ಚೀಟಿಯಲ್ಲಿ ಬರೆದು ಹಳೆಯ ಎಂಡೋಸ್ಕೋಪಿ ವರದಿಯ ಜೊತೆ ಇಟ್ಟುಕೊಳ್ಳಿ. ಊರು ಬದಲಾದರೂ ವೈದ್ಯರು ಬದಲಾದರೂ ಅದನ್ನು ಮೊದಲು ತೋರಿಸಿ. ಹಲ್ಲಿನ ವೈದ್ಯರಿಗೂ, ಮೆಡಿಕಲ್ ಅಂಗಡಿಯಲ್ಲಿ ನೋವಿನ ಮಾತ್ರೆ ಕೊಳ್ಳುವಾಗಲೂ ಹೇಳಲು ಮರೆಯಬೇಡಿ.