ಗಿಡ್ಡ ರೈಫಲ್ ತಗೋಬೇಕಂತೀರಿ? ಮೊದ್ಲ ಇದನ್ನ ಕೇಳ್ರಿ

ಹಿಂಡಲಗಾದಾಗ ಮನಿ, ಖಾನಾಪುರದಾಗ ಹೊಲ. ರಾತ್ರಿ ಕಾಡಹಂದಿ ನುಗ್ಗಿ ಕಬ್ಬು ಮುರದು ಹೋಗ್ತಾವ. ಆವಾಗ ಯಾರರ ಹೇಳೇ ಹೇಳ್ತಾರ: "ಒಂದು ಗಿಡ್ಡ ಬೋಲ್ಟ್ ಆ್ಯಕ್ಷನ್ ರೈಫಲ್ ತಗೋರಿ, ಬೇಟೆನೂ ಆತು, ಬೆಳಿನೂ ಉಳೀತು."

ತಡೀರಿ! 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡುಪ್ರಾಣಿ ಬೇಟೆ ಅಪರಾಧ. ಬಂದೂಕಿನ ಲೈಸೆನ್ಸ್ ಅಂದ್ರ ಹಂದಿ ಹೊಡಿಯೋ ಪರವಾನಗಿ ಅಲ್ಲ.

ರೈಫಲ್ ಸಿಗೂದ ಇಲ್ಲಂತಲ್ಲ. ನಮ್ಮ ಸರ್ಕಾರಿ ಕಾರ್ಖಾನಿದ .315 ಬೋರ್ ಐತಿ. ಬೋಲ್ಟ್ ಎತ್ತಿ ಹಿಂದ ಜಗ್ಗಿದ್ರ ಖಾಲಿ ಕಾಡತೂಸು ಹೊರಗ ಬೀಳತೈತಿ, ಮುಂದ ದೂಡಿದ್ರ ಹೊಸಾದು ಒಳಗ ಕೂಡತೈತಿ. ಆದ್ರ ಗುರಿ ತಪ್ಪಿದ ಗುಂಡು ನಿಮ್ಮ ಬದುವಿನ ಮ್ಯಾಲ ನಿಲ್ಲೂದಿಲ್ಲ. ಕಬ್ಬು ಸೀಳಿ ಬಾಜೂ ಹೊಲಕ್ಕ ಹೋಗತೈತಿ. ಅಲ್ಲಿ ಯಾರರ ನೀರ ಹಾಯಿಸ್ತಿದ್ರ? ಹೊಲಕ್ಕ ರೈಫಲ್ ಬ್ಯಾಡ, ನನ್ನ ಮಾತು ಇಷ್ಟ.

ಬೆಳಿ ಕಾಯಾಕ 1959ರ ಆಯುಧ ಕಾಯ್ದೆದಾಗ ಹೆಸರಿಸಿದ್ದು ನಳಿಗಿ ಬಾಯಿಂದ ಮದ್ದು ತುಂಬೂ ಬಂದೂಕ. ಅದಕ್ಕೂ ಲೈಸೆನ್ಸ್ ಬೇಕು. ಇನ್ನ, ಅನುಮತಿ ಇಲ್ಲದ ನಳಿಗಿ ಕೊಯ್ದು ಗಿಡ್ಡ ಮಾಡಿದ್ರ ಅದೂ ಅಪರಾಧನ.

ಹಂದಿ ಬೆಳಿ ಹಾಳ ಮಾಡಿದ್ರ ಫೋಟೋ ತಗೀರಿ, ಪಹಣಿ ಹಿಡ್ಕೊಂಡು ವಲಯ ಅರಣ್ಯ ಕಚೇರಿಗೆ ಹೋಗಿ ಪರಿಹಾರದ ಅರ್ಜಿ ಕೊಡ್ರಿ.