ಕಾಳು ಬೇಯದಿದ್ದರೆ ಉಪ್ಪಿನ ತಪ್ಪಲ್ಲ

ಎಷ್ಟು ಸೀಟಿ ಕೂಗಿಸಿದರೂ ಹುರುಳಿಕಾಳು ಮೆತ್ತಗಾಗದಿದ್ದರೆ ಅಡುಗೆಮನೆಯಲ್ಲಿ ಮೊದಲು ಬೈಸಿಕೊಳ್ಳುವುದು ಉಪ್ಪು. "ಮೊದಲೇ ಉಪ್ಪು ಹಾಕಿದ್ರೆ ಇನ್ನೆಲ್ಲಿ ಬೇಯುತ್ತೆ?" ಎಂಬ ಮಾತು ಕೇಳದೆ ಅಡುಗೆ ಕಲಿತವರು ಕಡಿಮೆ. ನಡೆಯುವುದು ಇದರ ತಿರುವುಮುರುವು. ಕಾಳಿನ ಸಿಪ್ಪೆಯಲ್ಲಿ ಪೆಕ್ಟಿನ್ ಎಂಬ ಅಂಟಿದೆ; ಅದನ್ನು ಬಿಗಿಯಾಗಿ ಹಿಡಿದಿಡುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ನೆನೆಸುವ ನೀರಿಗೆ ಉಪ್ಪು ಬಿದ್ದರೆ ಸೋಡಿಯಂ ಅವುಗಳ ಜಾಗಕ್ಕೆ ನುಗ್ಗುತ್ತದೆ, ಸಿಪ್ಪೆ ಸಡಿಲವಾಗುತ್ತದೆ. ಲೀಟರ್ ನೀರಿಗೆ ಎರಡು ಟೀ ಚಮಚ ಉಪ್ಪು ಬೆರೆಸಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ತೊಳೆದು ಬೇಯಿಸಿದರೆ ಕಾಳು ಒಡೆಯದೆ ಸಮನಾಗಿ ಬೇಯುತ್ತದೆ.

ನಿಜವಾದ ಅಪರಾಧಿಗಳು ಬೇರೆ. ಹುಣಸೆಹುಳಿ, ಟೊಮೆಟೊ ಮೊದಲೇ ಬಿದ್ದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಹುಳಿ ಏನಿದ್ದರೂ ಬೆಂದ ಮೇಲೆ. ಇನ್ನೊಂದು ನೀರು. ಕೋಲಾರದ ಕಡೆ ಬೋರ್‌ವೆಲ್ ನೀರಲ್ಲಿ ಬೇಳೆ ಬೇಯಲ್ಲ ಎಂದು ದೂರುವವರು ಉತ್ಪ್ರೇಕ್ಷೆ ಮಾಡುತ್ತಿಲ್ಲ, ಆ ಗಡಸು ನೀರಿನಲ್ಲಿರುವುದೇ ಕ್ಯಾಲ್ಸಿಯಂ. ಸೆಕೆ, ತೇವ ಎರಡೂ ಇರುವ ಜಾಗದಲ್ಲಿ ವರ್ಷಗಟ್ಟಲೆ ಕೂತ ಕಾಳಂತೂ ಯಾವ ನೀರಿಗೂ ಬಗ್ಗುವುದಿಲ್ಲ. ಚಿಟಿಕೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ ನಿಜ, ಆದರೆ ಬಿ1 ಜೀವಸತ್ವ ಕೈಬಿಡುತ್ತದೆ. ಸ್ವಲ್ಪ ಹೆಚ್ಚಾದರೆ ಸಾರಿಗೆ ಸೋಪಿನ ರುಚಿ.

ಹಳೇ ಮೈಸೂರು ಸೀಮೆಯಲ್ಲಿ ಇನ್ನೊಂದು ನಂಬಿಕೆ: ಕಾಳಿನ ಸತ್ವವೆಲ್ಲ ಕಟ್ಟಿಗಿಳಿಯುತ್ತದೆ, ಉಳಿದದ್ದು ಬರೀ ಚರಟ. ಮೈಗೆ ಬಲ ಬರಲೆಂದು ಕಟ್ಟಿನ ಸಾರನ್ನಷ್ಟೇ ಸುರಿದುಕೊಳ್ಳುವವರಿದ್ದಾರೆ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಅದರ ಬಹುಪಾಲು, ನಾರಿನಂಶದ ಜೊತೆಗೆ, ಕಾಳಿನಲ್ಲೇ ಇರುತ್ತದೆ. ಕಟ್ಟಿಗೆ ಇಳಿಯುವುದು ಪೊಟ್ಯಾಸಿಯಂ, ಫೋಲೇಟ್‌ನಂಥ ನೀರಿನಲ್ಲಿ ಕರಗುವ ಅಂಶಗಳು. ಬಸ್ಸಾರು ಮಾಡುವ ಮನೆಗಳಿಗೆ ಈ ಜಗಳವೇ ಇಲ್ಲ: ಬಸಿದ ಕಟ್ಟು ಮಸಾಲೆ ಸೇರಿ ಸಾರಾಗುತ್ತದೆ, ಕಾಳು ಸೊಪ್ಪು ಒಗ್ಗರಣೆಗೆ ಬಿದ್ದು ಪಲ್ಯವಾಗುತ್ತದೆ, ಎರಡೂ ಮುದ್ದೆಯ ತಟ್ಟೆಗೇ ಬರುತ್ತವೆ. ಸಸ್ಯಾಹಾರದ ಪ್ರೋಟೀನ್ ಅರೆಬರೆ ಎಂದು ಮೂಗು ಮುರಿಯುವ ಜಿಮ್ ಪಂಡಿತರು ಈ ತಟ್ಟೆಯನ್ನೊಮ್ಮೆ ನೋಡಬೇಕು. ರಾಗಿಗೆ ಲೈಸಿನ್ ಸಾಲದು, ಕಾಳಿನಲ್ಲಿ ಅದು ಧಾರಾಳ. ಕಾಳಿಗೆ ಕಡಿಮೆ ಬೀಳುವ ಮೆಥಿಯೊನಿನ್ ರಾಗಿಯಲ್ಲಿದೆ. ಎರಡನ್ನೂ ಒಂದೇ ಹೊತ್ತಿಗೆ ತಿನ್ನಬೇಕೆಂದೂ ಇಲ್ಲ, ದಿನದಲ್ಲಿ ಯಾವಾಗಲಾದರೂ ಸರಿ.

ಮೊಳಕೆ ಬಂದರೆ ಪ್ರೋಟೀನ್ ದುಪ್ಪಟ್ಟಾಗುತ್ತದೆ ಎನ್ನುವುದೂ ಸುಳ್ಳು. ಕಾಳು ನೀರು ಕುಡಿದು ಉಬ್ಬುವುದರಿಂದ ಅಷ್ಟೇ ತೂಕದ ಮೊಳಕೆಯಲ್ಲಿ ಪ್ರೋಟೀನ್ ಕಡಿಮೆಯೇ. ಹೆಚ್ಚುವುದು ಸಿ ಜೀವಸತ್ವ. ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುವ ಫೈಟೇಟ್ ತಗ್ಗುತ್ತದೆ.

"ಕುಕ್ಕರ್ ಸತ್ವ ಕೊಲ್ಲುತ್ತದೆ, ಸಣ್ಣ ಉರಿಯೇ ಒಳ್ಳೆಯದು" ಎಂಬ ಮಾತು ರಾಜ್ಮಾ ವಿಷಯದಲ್ಲಿ ಅಪಾಯಕಾರಿ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಾಂಶವಿದೆ. ನಾಲ್ಕೈದು ಹಸಿ ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ಕುದಿಬಿಂದು ಮುಟ್ಟದ ವಿದ್ಯುತ್ ಪಾತ್ರೆಗಳ ಮಂದ ಬಿಸಿಗೆ ಅದು ಸಾಯುವುದಿಲ್ಲ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿ ಆಮೇಲೆ ಉರಿ ತಗ್ಗಿಸಬಹುದು. ಕುಕ್ಕರಿನೊಳಗೆ ಶಾಖ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಏರುವುದರಿಂದ, ಕಾಳು ಹಿಚುಕಿದರೆ ಹಿಟ್ಟಾಗುವಷ್ಟು ಬೆಂದಿದ್ದರೆ ಸಾಕು.